ಕಲ್ಲಣಬೆ ಬೇಕೆಂದರೆ ಬೋಗಿ ಮರ ನೆಡಬೇಕು

ಪತ್ತನಾಜೆ ಕಳೆದು ಯಕ್ಷಗಾನ ಮೇಳದ ಕಲಾವಿದರು ಗೆಜ್ಜೆ ಬಿಚ್ಚಿ ಮನೆ ಸೇರುವ ಹೊತ್ತಿಗೆ ಕರಾವಳಿಯ ಕಣ್ಣೆಲ್ಲ ಆಕಾಶದ ಮೇಲಿರುತ್ತದೆ. ರೋಹಿಣಿಯಲ್ಲೋ ಮೃಗಶಿರದಲ್ಲೋ ಒಂದೆರಡು ಹದವಾದ ಮಳೆ ಬಿದ್ದು, ಜತೆಗೆ ನಾಲ್ಕು ಗುಡುಗೂ ಬಂತೆಂದರೆ ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ಕಡೆಯ ರಸ್ತೆ ಬದಿಗಳಲ್ಲಿ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಒಳಗಿರುವುದು ಕೆಂಪು ಮಣ್ಣು ಮೆತ್ತಿದ ಪುಟ್ಟ ಉಂಡೆಗಳು. ಪರವೂರಿನವರು ನೋಡಿಯೂ ನೋಡದಂತೆ ಮುಂದೆ ಹೋಗುತ್ತಾರೆ. ಊರಿನವರು ಮಾತ್ರ ಗಾಡಿ ನಿಲ್ಲಿಸಿ, ಇಳಿಯುವ ಮೊದಲೇ ಸೇರಿಗೆಷ್ಟು ಎಂದು ಕೇಳುತ್ತಾರೆ. ಇದು ಕಲ್ಲಣಬೆ, ತುಳುವರ ಕಲ್ಲಲಾಂಬು. ಕೋಳಿ ಮಾಂಸಕ್ಕಿಂತ ದುಬಾರಿ. ಆದರೂ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಇಷ್ಟು ಬೆಲೆಯಿರುವುದನ್ನು ನಾವೇ ಯಾಕೆ ಬೆಳೆಸಬಾರದು ಎಂದು ಕೃಷಿಕ ಗೆಳೆಯರು ಪ್ರತಿ ಮಳೆಗಾಲವೂ ಕೇಳುತ್ತಾರೆ. ಚಿಪ್ಪಣಬೆಯ ಹಾಗೆ ಬೈಹುಲ್ಲು ಬೇಯಿಸಿ, ಬೀಜ ಹಾಕಿ, ಚೀಲ ತೂಗುಹಾಕಿದರೆ ಬರುವುದಿಲ್ಲವೇ? ಬರುವುದಿಲ್ಲ. ಆದರೆ ಅದು ಏಕೆ ಬರುವುದಿಲ್ಲ ಎಂದು ತಿಳಿದವರಿಗೆ ಅದನ್ನು ಬೆಳೆಸುವ ಇನ್ನೊಂದು ದಾರಿ ಕಾಣುತ್ತದೆ. ಆ ದಾರಿಯ ಬಗ್ಗೆ ಹೇಳಬೇಕೆಂದೇ ಈ ಬರಹ.

ಮೊದಲು ಗುರುತು ಹಿಡಿಯುವ ಮಾತು. ಕಲ್ಲಣಬೆಗೆ ಕೊಡೆಯೂ ಇಲ್ಲ, ಕಾಲೂ ಇಲ್ಲ. ಒಂದರಿಂದ ಮೂರು ಸೆಂಟಿಮೀಟರ್ ಅಡ್ಡಳತೆಯ ಗುಂಡು ಅಷ್ಟೇ. ಅರ್ಧ ಮಣ್ಣಿನೊಳಗೆ, ಅರ್ಧ ಹೊರಗೆ. ಜಂಬಿಟ್ಟಿಗೆ ನೆಲದ ಹರಳುಕಲ್ಲುಗಳ ನಡುವೆ ಅದೂ ಒಂದು ಕಲ್ಲೆಂದೇ ಕಾಣುತ್ತದೆ. ಶಾಸ್ತ್ರದಲ್ಲಿ ಇದು ಆಸ್ಟ್ರಿಯಸ್ ಕುಲಕ್ಕೆ ಸೇರಿದ್ದು. ಆಸ್ಟ್ರಿಯಸ್ ಹೈಗ್ರೊಮೆಟ್ರಿಕಸ್, ಆಸ್ಟ್ರಿಯಸ್ ಓಡೊರೇಟಸ್ ಎಂಬ ಎರಡು ಬಗೆಗಳು ನಮ್ಮ ಕರಾವಳಿ ಮತ್ತು ಘಟ್ಟದ ತಪ್ಪಲಲ್ಲಿ ಇರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ದಾಖಲಿಸಿದ್ದಾರೆ. ಎರಡನೆಯದನ್ನು ಹೊಸ ಪ್ರಭೇದವೆಂದು 2004ರಲ್ಲಿ ಥಾಯ್ಲೆಂಡಿನಿಂದ ವರ್ಣಿಸಲಾಯಿತು. ಮಳೆ ಬಿದ್ದ ಮಣ್ಣಿನ ವಾಸನೆ ಅದರಲ್ಲಿ ಗಾಢವಾಗಿರುತ್ತದೆ.

ಕೀಳದೆ ಬಿಟ್ಟ ಕಲ್ಲಣಬೆ ಬಲಿತ ಮೇಲೆ ಬೇರೆಯೇ ರೂಪ ತಾಳುತ್ತದೆ. ಹೊರಸಿಪ್ಪೆ ಸೀಳಿ ನಕ್ಷತ್ರದ ಆಕಾರದಲ್ಲಿ ನೆಲದ ಮೇಲೆ ಹರಡಿಕೊಳ್ಳುತ್ತದೆ. ನಡುವೆ ತೆಳು ಕಾಗದದಂಥ ಒಂದು ಚೀಲ ಉಳಿಯುತ್ತದೆ. ಅದರ ತುಂಬ ಕಂದು ಪುಡಿ, ಅಂದರೆ ಬೀಜಕಗಳು. ಮಳೆಹನಿ ಬಿದ್ದಾಗ ಚೀಲದ ನೆತ್ತಿಯ ತೂತಿನಿಂದ ಪುಡಿ ಹಾರುತ್ತದೆ. ಬಿಸಿಲಿಗೆ ಒಣಗಿದರೆ ಸೀಳುಗಳು ಮಡಚಿ ಚೀಲವನ್ನು ಮುಚ್ಚಿಕೊಳ್ಳುತ್ತವೆ, ತೇವ ತಾಗಿದರೆ ಮತ್ತೆ ಬಿಚ್ಚುತ್ತವೆ. ಒಣಗಿದ್ದೊಂದನ್ನು ತಂದು ನೀರಿನ ತಟ್ಟೆಯಲ್ಲಿಟ್ಟು ಮಕ್ಕಳಿಗೆ ತೋರಿಸಿ, ಅವರ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಪಶ್ಚಿಮದ ಅಣಬೆ ಕೈಪಿಡಿಗಳು ಈ ಕುಲವನ್ನು ತಿನ್ನಲು ಬಾರದ್ದರ ಪಟ್ಟಿಗೆ ಸೇರಿಸಿವೆ. ಅಲ್ಲಿಯವರ ಕಣ್ಣಿಗೆ ಬೀಳುವುದು ಹೀಗೆ ಬಿಚ್ಚಿಕೊಂಡು ಗಡುಸಾದ ಮೇಲೆ. ನಮ್ಮವರು ಅದು ನೆಲದೊಳಗೆ ಎಳೆಯದಾಗಿರುವಾಗಲೇ ಪತ್ತೆ ಹಚ್ಚಿದರು.

ಪತ್ತೆ ಹಚ್ಚುವುದು ಕಣ್ಣಿನ ಕೆಲಸ. ಸಂಗ್ರಹಿಸುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬೆಳಕು ಹರಿಯುತ್ತಿದ್ದಂತೆ ಗುಡ್ಡೆ ಹತ್ತಿ, ಬಗ್ಗಿ, ಒಂದೊಂದೇ ಮಾರು ನೆಲ ನೋಡುತ್ತಾ ಹೋಗುತ್ತಾರೆ. ಮಣ್ಣು ಒಂದು ಕಡೆ ಸ್ವಲ್ಪ ಉಬ್ಬಿ ಕೂದಲೆಳೆಯ ಬಿರುಕು ಬಿಟ್ಟಿದ್ದರೆ ಅಲ್ಲಿ ಲಾಂಬು ಇದೆ. ಮೊನಚು ಕೋಲಿನಿಂದಲೋ ಸವೆದ ಕತ್ತಿಯ ತುದಿಯಿಂದಲೋ ಮೆಲ್ಲನೆ ಎಬ್ಬಿಸುತ್ತಾರೆ. ಒಂದು ಸಿಕ್ಕಿದರೆ ಸುತ್ತ ಇನ್ನೂ ನಾಲ್ಕಾರು ಇರುತ್ತವೆ. ಹೋದ ವರ್ಷ ಸಿಕ್ಕಿದ ಮರದ ಬುಡ ಈ ವರ್ಷವೂ ಕೈಬಿಡುವುದಿಲ್ಲ. ಆ ಜಾಗಗಳ ಗುಟ್ಟು ತಾಯಿಯಿಂದ ಮಗಳಿಗೆ ಹೋಗುತ್ತದೆ, ನೆರೆಮನೆಗೆ ಹೋಗುವುದಿಲ್ಲ.

ಕಾರ್ಕಳದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹಿರಿಯಕ್ಕ ನಾನು ಆರಿಸುವುದನ್ನು ನೋಡಿ, ಒಂದನ್ನು ತೆಗೆದು ಹೆಬ್ಬೆರಳ ಉಗುರಿನಿಂದ ಎರಡು ಸೀಳು ಮಾಡಿ ಅಂಗೈಯಲ್ಲಿ ಹಿಡಿದರು. "ನೋಡಿ ಅಣ್ಣಾ, ಬಿಳಿ ಇದೆಯಾ? ಕಪ್ಪಿದ್ದರೆ ದುಡ್ಡು ಬೇಡ." ದಪ್ಪ ಸಿಪ್ಪೆ, ಒಳಗೆ ಎಳೆ ತೆಂಗಿನಕಾಯಿಯ ತಿರುಳಿನಷ್ಟು ಬಿಳುಪು. ಎಲ್ಲ ಪುಸ್ತಕಗಳಿಗಿಂತ ಆ ಉಗುರಿನ ಪರೀಕ್ಷೆ ದೊಡ್ಡದು. ಕಲ್ಲಣಬೆಯನ್ನು ಕತ್ತರಿಸದೆ ಬಾಣಲೆಗೆ ಹಾಕಬಾರದು ಎಂಬ ಕಟ್ಟಳೆಗೆ ಎರಡು ಕಾರಣಗಳಿವೆ. ಒಳಗೆ ಕಪ್ಪಾಗಿದ್ದರೆ ಬಲಿತಿದೆ ಎಂದರ್ಥ, ರುಚಿ ಇರುವುದಿಲ್ಲ. ಇನ್ನೊಂದು ಕಾರಣ ಪ್ರಾಣಕ್ಕೆ ಸಂಬಂಧಿಸಿದ್ದು.

ನೆಲದಲ್ಲಿ ಗುಂಡಗೆ ಕಾಣುವುದೆಲ್ಲ ಕಲ್ಲಣಬೆಯಲ್ಲ. ಸ್ಕ್ಲೆರೋಡರ್ಮಾ ಎಂಬ ಕುಲದ ಗುಂಡಣಬೆಗಳು ತಿಂದರೆ ಹೊಟ್ಟೆ ನುಲಿದು ವಾಂತಿ ಬರಿಸುತ್ತವೆ. ಅವುಗಳ ಸಿಪ್ಪೆಯ ಮೇಲೆ ಹುರುಪೆ ಇರುವುದುಂಟು, ಬುಡದಲ್ಲಿ ಬೇರಿನಂಥ ಗುಚ್ಛ ಇರುವುದುಂಟು. ಎಳೆಯದಾಗಿರುವಾಗಲೇ ಒಳಗು ನೇರಳೆ ಮಿಶ್ರಿತ ಕಪ್ಪಿಗೆ ತಿರುಗುವುದು ದೊಡ್ಡ ಗುರುತು. ಅದಕ್ಕಿಂತ ಅಪಾಯದ್ದು ಅಮಾನಿಟಾ ಕುಲದ ಅಣಬೆಯ ಮೊಟ್ಟೆ. ಕೊಡೆ ಬಿಚ್ಚುವ ಮೊದಲು ಅದೂ ಬಿಳಿ ಉಂಡೆಯೇ. ಉದ್ದಕ್ಕೆ ಸೀಳಿದರೆ ಒಳಗೆ ಕೊಡೆ, ಕಾಲು, ಪದರ ಮಡಚಿಟ್ಟ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ. ಕಲ್ಲಣಬೆಯೊಳಗೆ ಯಾವ ಚಿತ್ರವೂ ಇಲ್ಲ, ಒಂದೇ ಸಮನೆ ಬಿಳಿ. ಅಮಾನಿಟಾದಲ್ಲಿ ಕೆಲವು ಯಕೃತ್ತನ್ನೇ ಕೊಲ್ಲುವ ವಿಷದವು. ತಿಂದು ಆರು ಗಂಟೆ, ಕೆಲವೊಮ್ಮೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ತೊಂದರೆ ಶುರುವಾಗುವಾಗ ವಿಷ ರಕ್ತಕ್ಕೆ ಸೇರಿ ಆಗಿರುತ್ತದೆ. ಬೆಳ್ಳಿ ನಾಣ್ಯ ಹಾಕಿ ನೋಡುವುದು, ಬೆಳ್ಳುಳ್ಳಿ ಕಪ್ಪಾಗುತ್ತದೋ ಎಂದು ನೋಡುವುದು, ಹುಳ ತಿಂದಿದೆ ಹಾಗಾಗಿ ನಾವೂ ತಿನ್ನಬಹುದು ಎನ್ನುವುದು, ಇವು ಯಾವುವೂ ಪರೀಕ್ಷೆಯಲ್ಲ. ಇವುಗಳನ್ನು ನಂಬಿ ಜೀವ ಕಳೆದುಕೊಳ್ಳಬೇಡಿ. ಅಣಬೆ ತಿಂದ ಮೇಲೆ ವಾಂತಿ-ಭೇದಿ ಶುರುವಾದರೆ ಉಳಿದ ಅಣಬೆಯನ್ನೂ ಕಟ್ಟಿಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೊಸಬರು ಮೊದಲ ಕೆಲವು ಮಳೆಗಾಲ ತಿಳಿದವರ ಜತೆಯಲ್ಲೇ ಗುಡ್ಡೆಗೆ ಹೋಗುವುದು ಕ್ಷೇಮ.

ಅಡುಗೆಯ ವಿಷಯಕ್ಕೆ ಬಂದರೆ, ತೊಳೆಯುವುದೇ ಅರ್ಧ ಕೆಲಸ. ನೀರಿನಲ್ಲಿ ನೆನೆಹಾಕಿ, ಗೋಣಿತಾಟಿನ ಮೇಲೆ ಉಜ್ಜಿ, ನಾಲ್ಕಾರು ನೀರಿನಲ್ಲಿ ಜಾಲಿಸಿದರೆ ಮಣ್ಣು ಬಿಡುತ್ತದೆ. ಆಮೇಲೆ ಎರಡು ಹೋಳು ಮಾಡಿ ಬೇಯಿಸಿ, ಕೊತ್ತಂಬರಿ, ಮೆಣಸು, ಜೀರಿಗೆ ಹುರಿದು, ತೆಂಗಿನತುರಿ ಮತ್ತು ಬೆಳ್ಳುಳ್ಳಿಯ ಜತೆ ತರಿತರಿಯಾಗಿ ರುಬ್ಬಿ ಸುಕ್ಕ ಮಾಡುತ್ತಾರೆ. ಅದೇ ಹೊತ್ತಿಗೆ ಅಟ್ಟದಲ್ಲಿ ಹಲಸಿನ ಬೀಜವೂ ಇರುತ್ತದೆ, ಅದನ್ನೂ ಸೇರಿಸುವ ಮನೆಗಳಿವೆ. ಹೊರಸಿಪ್ಪೆ ಹಲ್ಲಿಗೆ ಕಟಕ್ಕೆಂದು ಸಿಗುತ್ತದೆ, ಒಳಗು ಮೆತ್ತಗೆ ಕರಗುತ್ತದೆ. ನೀರುದೋಸೆಯ ಜತೆ ಒಮ್ಮೆ ತಿಂದವರಿಗೆ ಅಂಗಡಿಯ ಬಟನ್ ಅಣಬೆ ಸಪ್ಪೆ ಎನಿಸುವುದರಲ್ಲಿ ಆಶ್ಚರ್ಯವಿಲ್ಲ.

ಈಗ ಬೆಳೆಸುವ ಪ್ರಶ್ನೆ. ಚಿಪ್ಪಣಬೆ, ಹಾಲಣಬೆಗಳು ಸತ್ತ ಸಸ್ಯವನ್ನು ಕೊಳೆಸಿ ತಿನ್ನುವವು. ಹುಲ್ಲು, ಮರದ ಪುಡಿ ಕೊಟ್ಟರೆ ಅವಕ್ಕೆ ಸಾಕು. ಹಾಲಣಬೆಯೂ ಮೂಲದಲ್ಲಿ ಕಾಡಿನದೇ. 1974ರಲ್ಲಿ ಪಶ್ಚಿಮ ಬಂಗಾಳದಲ್ಲಿ ಅದನ್ನು ಗುರುತಿಸಿದರು, 1990ರ ದಶಕದಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅದನ್ನು ರೈತರ ಶೆಡ್ಡಿಗೆ ತಂದಿತು. ಈಗ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ತರಬೇತಿಯೂ ಸಿಗುತ್ತವೆ. ಕಲ್ಲಣಬೆಯ ಹೊಟ್ಟೆಪಾಡೇ ಬೇರೆ. ಅದು ಜೀವಂತ ಮರದ ಬೇರಿನೊಡನೆ ಬಾಳುತ್ತದೆ. ಶಿಲೀಂಧ್ರದ ಎಳೆಗಳು ಎಳೆಬೇರಿನ ತುದಿಗಳನ್ನು ಸುತ್ತಿಕೊಂಡು ಬೇರು ಮುಟ್ಟಲಾಗದ ದೂರದಿಂದ ನೀರು, ರಂಜಕ, ಸಾರಜನಕ ತಂದುಕೊಡುತ್ತವೆ. ಮರ ಎಲೆಯಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಪೋಷಕಾಂಶ ಕಡಿಮೆಯಿರುವ ಜಂಬಿಟ್ಟಿಗೆ ನೆಲದಲ್ಲಿ ಮರಗಳು ನಿಲ್ಲುವುದು ಈ ವ್ಯವಹಾರದಿಂದ. ಮರದ ಸಕ್ಕರೆ ನಿಂತರೆ ಅಣಬೆಯೂ ನಿಂತಿತು.

ಎಲ್ಲ ಮರಗಳೂ ಈ ವ್ಯವಹಾರಕ್ಕೆ ಒಗ್ಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಒಗ್ಗುವವುಗಳಲ್ಲಿ ಮುಖ್ಯವಾದವು ಕಿರಾಲುಬೋಗಿ ಮತ್ತು ಸಾಲುಧೂಪ. ಎರಡೂ ಡಿಪ್ಟೆರೋಕಾರ್ಪ್ ಎಂಬ ಕುಟುಂಬದವು. ಜಾರ್ಖಂಡಿನ ಸಾಲವೃಕ್ಷದ್ದೂ ಅದೇ ಕುಟುಂಬ. ಅಲ್ಲಿನ ಸಾಲ ಕಾಡಿನಲ್ಲೂ ಇದೇ ಕುಲದ ಅಣಬೆ ಏಳುತ್ತದೆ, ಅವರು ರುಗ್ಡಾ ಎನ್ನುತ್ತಾರೆ. ಶ್ರಾವಣದಲ್ಲಿ ಮಾಂಸ ಬಿಟ್ಟವರು ರಾಂಚಿಯ ಮಾರುಕಟ್ಟೆಯಲ್ಲಿ ಅದಕ್ಕೆ ಮುಗಿಬೀಳುತ್ತಾರೆ. ಥಾಯ್ಲೆಂಡಿನಲ್ಲೂ ಇದೇ ಕುಟುಂಬದ ಮರಗಳ ಕೆಳಗೆ ಇದೇ ಅಣಬೆ. ಆದರೆ ಆ ದೇಶದ ಉತ್ತರ ಭಾಗದಲ್ಲಿ ತರಗೆಲೆಗೆ ಬೆಂಕಿ ಕೊಟ್ಟರೆ ಅಣಬೆ ಹೆಚ್ಚು ಏಳುತ್ತದೆಂಬ ನಂಬಿಕೆಯಿದೆ. ಬೂದಿಯಾದ ನೆಲದಲ್ಲಿ ಅದು ಸುಲಭವಾಗಿ ಕಣ್ಣಿಗೆ ಬೀಳುವುದು ನಿಜ, ಆದರೆ ಎಳೆ ಸಸಿಗಳು ಸುಡುತ್ತವೆ. ಬೇಸಗೆಯಲ್ಲಿ ಆ ಪ್ರದೇಶವನ್ನು ಕವಿಯುವ ಹೊಗೆಗೆ ಈ ಬೆಂಕಿಯೂ ಒಂದು ಕಾರಣವೆಂಬ ದೂರು ಅಲ್ಲಿದೆ. ನಮ್ಮ ಗುಡ್ಡೆಗಳಿಗೂ ಬೇಸಗೆಯಲ್ಲಿ ಬೆಂಕಿ ಬೀಳುವುದುಂಟು. ಅಣಬೆಯ ಹೆಸರಿನಲ್ಲಿ ಯಾರೂ ಅದನ್ನು ಸಮರ್ಥಿಸದಿರಲಿ.

ಥಾಯ್ಲೆಂಡಿನಿಂದ ಕಲಿಯಬೇಕಾದ್ದು ಇನ್ನೊಂದಿದೆ. ಅಲ್ಲಿ ಬಲಿತ ಅಣಬೆಯನ್ನು ನೀರಿನಲ್ಲಿ ಕಿವುಚಿ ನರ್ಸರಿಯ ಸಸಿಗಳ ಬುಡಕ್ಕೆ ಹೊಯ್ದು, ಬೇರಿಗೆ ಶಿಲೀಂಧ್ರ ಹತ್ತಿಸಿ, ಆಮೇಲೆ ನೆಡುತ್ತಾರೆ. ನಮ್ಮಲ್ಲೂ ಇದನ್ನು ಮಾಡಲು ದೊಡ್ಡ ಪ್ರಯೋಗಾಲಯ ಬೇಡ. ಬೋಗಿಯ ಬೀಜ ಉದುರುವುದೂ ಕಲ್ಲಣಬೆ ಏಳುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಮೇ ಕೊನೆಯಿಂದ ಜೂನಿನವರೆಗೆ. ಎರಡು ರೆಕ್ಕೆಯ ಆ ಬೀಜ ತಿರುಗುತ್ತಾ ಕೆಳಗಿಳಿಯುತ್ತದೆ. ಅದನ್ನು ಒಣಗಿಸಿ ಡಬ್ಬಿಯಲ್ಲಿ ಇಡುವಂತಿಲ್ಲ. ತೇವ ಆರಿದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಕ್ಕಿದ ಮರುದಿನವೇ ಚೀಲಕ್ಕೆ ಹಾಕಬೇಕು. ಚೀಲದ ಮಣ್ಣಿಗೆ ತಾಯಿಮರದ ಬುಡದ ಒಂದು ಹಿಡಿ ಮಣ್ಣು ಸೇರಿಸಿ. ಸಸಿ ಎದ್ದು ಎಲೆ ಬಿಟ್ಟ ಮೇಲೆ, ಅಡುಗೆಗೆ ಬಾರದೆಂದು ಎಸೆಯುವ ಕಪ್ಪು ಅಣಬೆಗಳನ್ನು ನೀರಿನಲ್ಲಿ ಕಿವುಚಿ ಬುಡಕ್ಕೆ ಹಾಕಿ. ರಾಸಾಯನಿಕ ಗೊಬ್ಬರ ಬೇಡ, ಮುಖ್ಯವಾಗಿ ರಂಜಕದ್ದು. ಸುಲಭದಲ್ಲಿ ಗೊಬ್ಬರ ಸಿಕ್ಕಿದರೆ ಬೇರಿಗೆ ಶಿಲೀಂಧ್ರದ ಹಂಗು ಬೇಡವಾಗುತ್ತದೆ. ಶಿಲೀಂಧ್ರ ಹಿಡಿದ ಎಳೆಬೇರಿನ ತುದಿಗಳು ಮೊಂಡಾಗಿ ಉಬ್ಬಿರುತ್ತವೆ, ಕೈಮಸೂರದಲ್ಲಿ ನೋಡಿದರೆ ಗೊತ್ತಾಗುತ್ತದೆ. ಬೋಗಿ ಸಸಿಗೆ ಮೊದಲ ವರ್ಷಗಳಲ್ಲಿ ನೆರಳು ಬೇಕು, ಹಾಗಾಗಿ ಬೋಳು ಗುಡ್ಡೆಯಲ್ಲಿ ಒಂಟಿಯಾಗಿ ನೆಡದೆ ಇರುವ ಪೊದೆಗಳ ನಡುವೆ ನೆಡುವುದು ಒಳ್ಳೆಯದು. ಅಣಬೆ ಏಳಲು ವರ್ಷಗಳೇ ಬೇಕು. ಎದ್ದೇ ಏಳುತ್ತದೆಂದು ಯಾರೂ ಬರೆದುಕೊಡಲಾರರು. ಏಳದಿದ್ದರೂ ಗಟ್ಟಿಮುಟ್ಟಾದ ನಾಟಾ ಕೊಡುವ ಮರವೊಂದು ಹಿತ್ತಿಲಲ್ಲಿ ಉಳಿದಿರುತ್ತದೆ.

ಹೊಸದಾಗಿ ನೆಡುವುದಕ್ಕಿಂತ ಇದ್ದದ್ದನ್ನು ಉಳಿಸುವುದು ಸುಲಭ, ಆದರೆ ಕಣ್ಣೆದುರು ಆಗುತ್ತಿರುವುದು ಬೇರೆ. ಗುಡ್ಡೆಗಳನ್ನು ಸವರಿ ರಬ್ಬರ್ ಹಾಕಿದ್ದೇವೆ, ಅಡಿಕೆ ಹಾಕಿದ್ದೇವೆ. ಅವುಗಳ ಬೇರಿಗೂ ಶಿಲೀಂಧ್ರದ ಸಂಗವಿದೆ, ಆದರೆ ಅದು ಬೇರೆಯೇ ಗುಂಪಿನದು. ಕಲ್ಲಣಬೆಗೆ ಅಲ್ಲಿ ಜಾಗವಿಲ್ಲ. ಕೆಂಪುಕಲ್ಲಿನ ಕೋರೆಗಳು ಮಣ್ಣನ್ನೇ ಒಯ್ದಿವೆ. ಸರ್ಕಾರಿ ಕಡತಗಳಲ್ಲಿ ಕುರುಚಲು, ಪಾಳು ಎಂದು ಬರೆಸಿಕೊಂಡ ನೆಲ ಬುಟ್ಟಿ ಹೊತ್ತು ಬರುವ ಆ ಅಕ್ಕಂದಿರಿಗೆ ಮಳೆಗಾಲದ ಸಂಪಾದನೆ. ಅದನ್ನು ಪಾಳು ಎಂದು ಕರೆಯುವುದು ತಪ್ಪು ಲೆಕ್ಕ ಎಂದೇ ನನ್ನ ಅಭಿಪ್ರಾಯ.

ಕೀಳುವವರಲ್ಲಿ ಒಂದು ವಿನಂತಿ: ಹಾರೆ, ಗುದ್ದಲಿ ಹಾಕಿ ನೆಲ ಅಗೆಯಬೇಡಿ, ಎಬ್ಬಿಸಿದ ಮಣ್ಣನ್ನು ಮತ್ತೆ ಮುಚ್ಚಿ, ಪ್ರತಿ ಮರದ ಬುಡದಲ್ಲಿ ನಾಲ್ಕನ್ನಾದರೂ ಬಲಿತು ಬಿಚ್ಚಿಕೊಳ್ಳಲು ಬಿಡಿ. ಗುಡ್ಡೆ, ಹಿತ್ತಿಲು ಇರುವವರಲ್ಲಿ ಇನ್ನೊಂದು: ಈ ಜೂನಿನಲ್ಲಿ ಬೋಗಿಯ ಬೀಜ ಬಿದ್ದಿರುವುದು ಕಂಡರೆ ಅದೇ ವಾರ ಹೆಕ್ಕಿ ಚೀಲಕ್ಕೆ ಹಾಕಿ. ಮುಂದಿನ ವಾರಕ್ಕೆ ಅದು ಮೊಳೆಯುವುದಿಲ್ಲ.