ಮಳೆಯನ್ನ ಪಂಪ್‌ನಿಂದ ತರಬಹುದು, ಹೆಜ್ಜೇನನ್ನ?

ಹವಾಮಾನ ಬದಲಾವಣೆ ಅಂದ ತಕ್ಷಣ ನಮಗೆ ನೆನಪಾಗೋದು ಪ್ರವಾಹ, ಬರ, ಭೂಕುಸಿತ. ಎಲ್ಲವೂ ಕ್ಯಾಮೆರಾಗೆ ಸಿಗುವ ದೃಶ್ಯಗಳು. ಕ್ಯಾಮೆರಾಗೆ ಸಿಗದ ಇನ್ನೊಂದು ಅಪಾಯ ಕೊಡಗಿನ ಕಾಫಿ ತೋಟಗಳಲ್ಲಿದೆ: ಹೂವಿಗೂ ಜೇನಿಗೂ ಹೊಂದಿಕೆ ತಪ್ಪುವುದು.

ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯೋದು ಕರ್ನಾಟಕದಲ್ಲಿ, ಅದರಲ್ಲಿ ದೊಡ್ಡ ಪಾಲು ರೊಬಸ್ಟಾ. ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತೆ. ರೊಬಸ್ಟಾಗೆ ಅದು ಸಾಧ್ಯವಿಲ್ಲ, ಬೇರೆ ಗಿಡದ ಪರಾಗವೇ ಬೇಕು. ಸ್ವಲ್ಪ ಗಾಳಿ ತರುತ್ತೆ, ಉಳಿದದ್ದು ಹೆಜ್ಜೇನು, ತುಡುವೆ ಮತ್ತು ಕುಟುಕದ ಮುಜಂಟಿ ಜೇನಿನ ಕೆಲಸ. ಇವುಗಳಲ್ಲಿ ಹೆಜ್ಜೇನಿನ ಪಾತ್ರ ದೊಡ್ಡದು.

ಈಗ ಟೈಮಿಂಗ್ ನೋಡಿ. ಒಣಹವೆಯಲ್ಲಿ ಮೊಗ್ಗು ಸುಮ್ಮನೆ ಕಾಯುತ್ತಿರುತ್ತೆ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬಿದ್ದ ವಾರ, ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ. ಎರಡು ಮೂರು ದಿನದಲ್ಲಿ ಮುಗಿಯಿತು. ಹೆಜ್ಜೇನು ವಲಸೆಯ ಜೀವಿ, ಅದರ ಓಡಾಟಕ್ಕೆ ಅದರದ್ದೇ ಲೆಕ್ಕ. ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಎರಡು ಬೇರೆ ಗಡಿಯಾರಗಳ ಸಿಸ್ಟಮ್. ಅವೆರಡನ್ನೂ ಹೊಂದಿಸಿ ಇಟ್ಟಿದ್ದು ನಂಬಬಹುದಾದ ಹವಾಮಾನ. ಅದೇ ಈಗ ಅಲುಗಾಡುತ್ತಿದೆ.

ಮಳೆ ತಡವಾದರೆ ಮೊಗ್ಗು ಸುಟ್ಟುಹೋಗುತ್ತೆ. ಕಡಿಮೆಯಾದರೆ ಅರೆಬರೆ ಅರಳುತ್ತೆ. ಅರಳಿದ ದಿನವೇ ಸುರಿದರೆ ಜೇನು ಹಾರಲ್ಲ, ಪರಾಗ ತೊಳೆದುಹೋಗುತ್ತೆ. ಬಿಸಿಲು ಮಿತಿಮೀರಿದರೆ ಕೆಲಸಗಾರ ಜೇನುಗಳು ಹೂವು ಬಿಟ್ಟು, ಗೂಡು ತಂಪಾಗಿಸಲು ನೀರು ಹೊರುತ್ತವೆ.

2024ರ ಬೇಸಿಗೆಯಲ್ಲಿ ಹೂಮಳೆ ಕೈಕೊಟ್ಟಾಗ ಬೆಳೆಗಾರರು ನಂಬಿದ್ದು ಸ್ಪ್ರಿಂಕ್ಲರ್. ಕೆರೆ, ಪಂಪ್ ಇದ್ದವರು ತಮ್ಮ ಮಳೆಯನ್ನ ತಾವೇ ಸುರಿಸಿಕೊಳ್ಳಬಹುದು, ಇಲ್ಲದ ಸಣ್ಣ ಬೆಳೆಗಾರ ಆಕಾಶ ನೋಡಬೇಕು. ಹೀಗೆ ಅಕ್ಕಪಕ್ಕದ ತೋಟಗಳು ಬೇರೆ ಬೇರೆ ದಿನ ಅರಳುತ್ತವೆ. ಇದು ಪೂರ್ತಿ ಕೆಟ್ಟದ್ದಲ್ಲ. ಹಂತಹಂತವಾಗಿ ಅರಳಿದರೆ ಇರುವಷ್ಟು ಜೇನು ಹೆಚ್ಚು ತೋಟಗಳಿಗೆ ಹಂಚಿಕೆಯಾಗಬಹುದು. ಆದರೆ ಅದಕ್ಕೆ ಮೊದಲು ಜೇನು ಇರಬೇಕಲ್ಲ?

ಹೆಜ್ಜೇನನ್ನ ಪೆಟ್ಟಿಗೆಯಲ್ಲಿ ಸಾಕೋಕಾಗಲ್ಲ. ಎತ್ತರದ ಮರದ ಕೊಂಬೆಗೆ ಬಯಲಲ್ಲೇ ಗೂಡು ಕಟ್ಟುವ ಜೀವ ಅದು. ಕಾಡು ತುಂಡಾಗಿ, ತೋಟದ ಹಳೆಯ ನೆರಳಿನ ಮರಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಂತೆಲ್ಲ ಅದರ ನೆಲೆಯೂ, ಕಾಫಿ ಹೂವು ಮುಗಿದ ಮೇಲಿನ ಆಹಾರವೂ ಕುಗ್ಗುತ್ತೆ.

ಇಲ್ಲೇ ರಾಜಕೀಯದ ಪ್ರಶ್ನೆ ಬರೋದು. ಮಳೆ ವಿಮೆ ಮಿಲಿಮೀಟರ್ ಅಳೆಯುತ್ತೆ, ಜೇನನ್ನ ಅಳೆಯಲ್ಲ. ಪಂಪ್‌ಗೆ ಸಬ್ಸಿಡಿ ಕೇಳುವ ದನಿಗಳಿವೆ, ಕೇಳಲಿ. ಅದರ ಜೊತೆಗೇ ಸಣ್ಣ ಬೆಳೆಗಾರರಿಗೆ ಹಂಚಿಕೊಳ್ಳುವ ಕೆರೆ, ಗೂಡಿರುವ ಮರ ಉಳಿಸಿದವರಿಗೆ ಹಣ, ಹೂವಿನ ದಿನಗಳಲ್ಲಿ ಕೀಟನಾಶಕಕ್ಕೆ ತಡೆ, ಇವನ್ನೂ ಕೇಳಬೇಕು. ಹೂವು ಅರಳಿಸೋದು ಅರ್ಧ ಕೆಲಸ ಅಷ್ಟೇ. ಅದು ಕಾಯಿ ಆಗಬೇಕಾದರೆ ಆ ಮರ ಉಳಿಯಬೇಕು.