ಸ್ಪೀಕರ್ ಡಬ್ಬಿ: ಬಿಚ್ಚಿದ ಮೇಲೆ ಗಾಳಿ ಸೋರದಂತೆ ಮುಚ್ಚಿ

ಸೇಡಂ ತಾಲೂಕಿನಲ್ಲಿ ನನ್ನದು 5 ಎಕರೆ ಎರಿ ಹೊಲ. ಮಳೆ ನಂಬಿದ ತೊಗರಿ, ಹಿಂಗಾರಿಗೆ ಒಂದಿಷ್ಟು ಜೋಳ, ಕಡಲೆ. ತೊಗರಿ ರಾಶಿ ಮುಗಿದರೆ ಮುಂದಿನ ಬಿತ್ತನೆವರೆಗೆ ಆಸರೆ ಮೈಕ್ ಸೆಟ್. ಜಾತ್ರೆ, ಉರುಸು, ಮದುವೆ, ಭಜನೆ ಎಂದು ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿವರೆಗೂ ಬಾಡಿಗೆಗೆ ಹೋಗುತ್ತೇನೆ. ಬೀಜ-ಗೊಬ್ಬರದ ದುಡ್ಡು ಇದರಲ್ಲೇ ಹುಟ್ಟಬೇಕು.

ಹೋದ ವರ್ಷ ನನ್ನ ಎರಡು ಡಬ್ಬಿಗಳ 12 ಇಂಚಿನ ಸ್ಪೀಕರುಗಳ ಕೋನ್ ಹರಿದವು. ಪಟ್ಟಣದಲ್ಲಿ ಹೊಸ ಕೋನ್ ಹಾಕಿಸಿ ತಂದೆ. ಮರುದಿನವೇ ಚಿಂಚೋಳಿ ಕಡೆ ಒಂದು ಮದುವೆ. ಹಳೆಯ ಪ್ಯಾಕಿಂಗ್ ಪುಡಿಯಾಗಿ ಉದುರಿತ್ತು. ಅವಸರದಲ್ಲಿ ಹೊಸದು ಹಾಕದೆ, ಸ್ಪೀಕರ್ ಕೂಡಿಸಿ ಸ್ಕ್ರೂ ಬಿಗಿದು ಹೊರಟೆ.

ಹಂದರದಲ್ಲಿ ಹಾಡು ಹಚ್ಚಿದರೆ ಡೊಳ್ಳಿನ ಪೆಟ್ಟಿಗೆ ತೂಕವೇ ಇಲ್ಲ. ಬೀಗರೊಬ್ಬರು, "ಏನ್ರಿ ಅಣ್ಣಾ, ಡಬ್ಬಿ ನೋಡಿದ್ರ ಇಷ್ಟು ದೊಡ್ಡದು, ಆವಾಜ್ ರೇಡಿಯೋದಂಗ ಬರ್ಲಕತ್ತದ?" ಅಂದರು. ಮರ್ಯಾದೆ ಪ್ರಶ್ನೆ. ಬೇಸ್ ಏರಿಸಿದೆ, ಆವಾಜೂ ಏರಿಸಿದೆ. ತಾಸಿನೊಳಗೆ ಒಂದು ಸ್ಪೀಕರು ಟಕಟಕ ಬಡಿದು, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅರ್ಧ ಬಾಡಿಗೆ ಕೈಗೆ ಬಂತು. ಹೊಸ ಕಾಯಿಲಿಗೆ ಅದಕ್ಕಿಂತ ಹೆಚ್ಚು ಹೋಯಿತು.

ಮನೆಯಲ್ಲಿ ಅಪ್ಪ ಕೇಳಿ ಹೇಳಿದ್ದು ಇಷ್ಟೇ: "ಹಗೇವಿನ ಬಾಯಿಗಿ ಪರ್ಸಿ ಇಟ್ರ ಸಾಲಂಗಿಲ್ಲಪ್ಪಾ, ಸುತ್ತ ಮಣ್ಣು ಮೆತ್ತಬೇಕು. ಇಲ್ಲಾಂದ್ರ ಒಳಗಿನ ಜ್ವಾಳ ಉಳಿತದೇನು?" ಮಾತು ನನ್ನ ಡಬ್ಬಿಗೂ ಸರಿಯಾಗಿತ್ತು.

ಯಾಕೆಂದರೆ, ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತುತ್ತದೆ, ಹಿಂದಿನ ಗಾಳಿ ತೆಳುವಾಗುತ್ತದೆ. ನಡುವೆ ಸಂದು ಇದ್ದರೆ ಎರಡೂ ಕೂಡಿ ಒಂದನ್ನೊಂದು ಅಳಿಸಿಬಿಡುತ್ತವೆ. ಸಣ್ಣ ದನಿಗೆ ಅಷ್ಟು ಪೆಟ್ಟಿಲ್ಲ, ಭಾರದ ದನಿಯೇ ಸಾಯುತ್ತದೆ. ಪಂಪಿನ ಸಕ್ಷನ್ ಪೈಪು ಗಾಳಿ ಎಳೆದರೆ ಮೋಟಾರು ತಿರುಗಿದರೂ ನೀರು ಏಳುವುದಿಲ್ಲವಲ್ಲ, ಹಾಗೆ. ಇನ್ನೊಂದು ಮಾತು. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಡಿದಿರುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ನಂಬಿ ಸಣ್ಣ ಡಬ್ಬಿಯಲ್ಲಿ ಭಾರದ ದನಿ ತೆಗೆದು ತೋರಿಸಿದರು. ಗಾಳಿ ಸೋರಿದರೆ ಆ ಹಿಡಿತ ಹೋಗುತ್ತದೆ. ಕೋನ್ ಮಿತಿಮೀರಿ ಓಡಿ ಕಾಯಿಲ್ ಹಿಂದಿನ ತಗಡಿಗೆ ಬಡಿಯುತ್ತದೆ. ನನ್ನದು ಹೋದದ್ದು ಹೀಗೆ.

ನಮ್ಮ ಭಾಗದಲ್ಲಿ ಧೂಳಿನ ಕಾಟ ಬೇರೆ. ಪರ್ಸಿ ಗಣಿ, ಸಿಮೆಂಟ್ ಕಾರ್ಖಾನೆಗಳ ದಾರಿಯಲ್ಲೇ ನಮ್ಮ ಓಡಾಟ. ಸಂದು ಇದ್ದರೆ ಪ್ರತಿ ಪೆಟ್ಟಿಗೂ ಡಬ್ಬಿ ಧೂಳು ಸೇದುತ್ತದೆ. ಅದು ಕಾಯಿಲಿನ ಸಂದಿಗೆ ಸೇರಿದರೆ ಗರಗರ ಶುರು.

ಈಗ ನಾನು ಮಾಡುವ ಕ್ರಮ ಹೀಗಿದೆ:

1. ವೈರ್ ಬಿಚ್ಚುವ ಮುಂಚೆ ಪ್ಲಸ್ ಕಡೆ ಗುರುತು ಹಾಕಿ. ಎರಡು ಡಬ್ಬಿಗೆ ತಿರುವುಮುರುವಾದರೂ ಬೇಸ್ ಸಾಯುತ್ತದೆ. ಸಂಶಯವಿದ್ದರೆ 1.5 ವೋಲ್ಟಿನ ಟಾರ್ಚ್ ಸೆಲ್ ಕ್ಷಣಮಾತ್ರ ತಾಗಿಸಿ. ಎರಡೂ ಕೋನ್ ಒಂದೇ ಕಡೆಗೆ ಚಲಿಸಬೇಕು.

2. ಡಬ್ಬಿಯ ಅಂಚು, ಸ್ಪೀಕರಿನ ಫ್ರೇಮು ಎರಡರ ಮೇಲಿನ ಹಳೆ ಅಂಟು ಕೆರೆದು ಒಣ ಬಟ್ಟೆಯಿಂದ ಒರೆಸಿ. ಕಬ್ಬಿಣದ ಪುಡಿ ಮ್ಯಾಗ್ನೆಟ್ ಹತ್ತಿರ ಸುಳಿಯಬಾರದು.

3. ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ಸಾಕು. ನೀರು ಹೀರುವ ಸ್ಪಂಜು ಬೇಡ, ಅದರಲ್ಲಿ ಗಾಳಿಯೂ ಹಾಯುತ್ತದೆ. ಸ್ಕ್ರೂ ತೂತುಗಳ ಒಳಬದಿಯಲ್ಲಿ ಸುತ್ತಲೂ ಅಂಟಿಸಿ. ತುದಿಗಳು ಸಂದಿಲ್ಲದೆ ಕೂಡಬೇಕು. ಹುಳಿ ವಾಸನೆಯ ಸಿಲಿಕೋನ್ ಬಳಸಬೇಡಿ. ಅದರ ಆಮ್ಲ ಲೋಹ ತಿನ್ನುತ್ತದೆ, ಮುಂದಿನ ಸಲ ಬಿಚ್ಚುವಾಗ ಪ್ಲೈವುಡ್ಡೂ ಕಿತ್ತು ಬರುತ್ತದೆ.

4. ಸ್ಕ್ರೂಗಳನ್ನು ಟ್ರ್ಯಾಕ್ಟರ್ ಗಾಲಿಯ ನಟ್ಟಿನಂತೆ ಎದುರುಬದುರಾಗಿ, ಎರಡು-ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದೇ ಕಡೆ ಅತಿಯಾಗಿ ಬಿಗಿದರೆ ಫ್ರೇಮ್ ಸೊಟ್ಟಾಗಿ ಕೋನ್ ಉಜ್ಜುತ್ತದೆ. ತೂತು ಸಡಿಲಾಗಿದ್ದರೆ ಬಿದಿರಿನ ಸೀಳಿಗೆ ಮರದ ಅಂಟು ಹಚ್ಚಿ ತುಂಬಿ, ಒಂದು ರಾತ್ರಿ ಒಣಗಲು ಬಿಡಿ.

5. ಹಿಂದಿನ ವೈರ್ ಪ್ಲೇಟನ್ನೂ ಮರೆಯಬೇಡಿ. ಎಷ್ಟೋ ಸಲ ಸೋರುವುದು ಅಲ್ಲೇ.

ಕಡೆಗೆ ಪರೀಕ್ಷೆ. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ಅದು ನಿಧಾನಕ್ಕೆ ಮರಳಿ ಬಂದರೆ ಡಬ್ಬಿ ಸರಿ ಮುಚ್ಚಿದೆ. ಟಪ್ಪನೆ ಹಾರಿ ಬಂದರೆ ಎಲ್ಲೋ ಸೋರುತ್ತಿದೆ. ಮುಂದೆ ದೊಡ್ಡ ತೂತು ಬಿಟ್ಟೇ ಮಾಡಿದ ಡಬ್ಬಿಗೆ ಈ ಪರೀಕ್ಷೆ ನಡೆಯದು. ಆ ತೂತು ಬೇಕೆಂದೇ ಇಟ್ಟದ್ದು, ಮುಚ್ಚಬೇಡಿ. ಅದಕ್ಕೆ ಬೇಸ್ ಇರುವ ಹಾಡು ಹಚ್ಚಿ, ಸ್ಪೀಕರಿನ ಅಂಚಿನ ಸುತ್ತ ಒದ್ದೆ ಬೆರಳು ಆಡಿಸಿ. ಗಾಳಿ ತಣ್ಣಗೆ ತಾಗಿದಲ್ಲಿ ಸಂದು ಇದೆ.

ನನಗೆ ಎರಡೂ ಡಬ್ಬಿಗೆ ಹಿಡಿದದ್ದು ಒಂದು ಸುರುಳಿ ಫೋಮ್ ಪಟ್ಟಿ, ಅರ್ಧ ದಿನದ ಕೆಲಸ. ಈ ಹಂಗಾಮಿನಲ್ಲಿ ಒಂದು ಕಾಯಿಲೂ ಸುಡಲಿಲ್ಲ. ತೊಗರಿ ಬೀಜಕ್ಕೆ ಸಾಲ ಮಾಡುವ ಪ್ರಮೇಯವೂ ಬರಲಿಲ್ಲ. ನಿಮ್ಮೂರ ಭಜನಾ ಮಂಡಳಿಯ ಡಬ್ಬಿ ಸಪ್ಪಗೆ ಕೂಗುತ್ತಿದ್ದರೆ, ಹೊಸದು ಕೊಳ್ಳುವ ಮೊದಲು ಒಮ್ಮೆ ಕೋನ್ ಒತ್ತಿ ನೋಡಿ.