ಸುಡಾನ್: ಬಿತ್ತನೆ ಬೀಜಕ್ಕೂ ಬಂತು ಬರ

ಸುಡಾನ್‌ನಲ್ಲಿ ಸೇನೆ ಹಾಗೂ ಅರೆಸೇನಾ ಪಡೆಯ ನಡುವೆ 2023ರ ಏಪ್ರಿಲ್ 15ರಂದು ಆರಂಭವಾದ ಕಾಳಗವು ಅಂದಿನ ಊಟವನ್ನಷ್ಟೇ ಅಲ್ಲ, ಮುಂದಿನ ಬಿತ್ತನೆಯನ್ನೂ ಕಸಿದಿದೆ. 2024ರ ಆಗಸ್ಟ್‌ನಲ್ಲಿ ಡಾರ್ಫರ್‌ನ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ದೃಢಪಟ್ಟಿದ್ದು ಜಗತ್ತಿಗೆ ಸುದ್ದಿಯಾಯಿತು. ಬೀಜದ ಕಥೆ ಅಷ್ಟು ಸುದ್ದಿಯಾಗಲಿಲ್ಲ.

ನಮ್ಮ ಉತ್ತರ ಕರ್ನಾಟಕದಂತೆ ಅಲ್ಲಿಯೂ ಜೋಳವೇ ಮುಖ್ಯ ಆಹಾರ. ಮರಳು ಸೀಮೆಯಲ್ಲಿ ಸಜ್ಜೆ. ಬರ, ಬಿಸಿಲು ತಾಳಿ ಬಂದ ಇವುಗಳ ನಾಟಿ ತಳಿಗಳನ್ನು ವಾದ್ ಮದನಿ ನಗರದ ಬೀಜ ಭಂಡಾರದಲ್ಲಿ ಕಾಪಿಡಲಾಗಿತ್ತು. 2023ರ ಡಿಸೆಂಬರ್‌ನಲ್ಲಿ ನಗರವು ಅರೆಸೇನಾ ಪಡೆಯ ವಶವಾದ ಬಳಿಕ ಭಂಡಾರ ಲೂಟಿಯಾಯಿತು. ಮಳೆ ಏರುಪೇರಾಗುತ್ತಿರುವಾಗ ರೈತನಿಗೆ ಬೇಕಾದದ್ದು ಇಂಥ ತಳಿಗಳೇ. ನೆರವಿನ ಧಾನ್ಯ ಹಸಿವು ತಣಿಸೀತು. ಬಿತ್ತಿದರೆ ಅಲ್ಲಿನ ಹೊಲಕ್ಕೆ ಒಗ್ಗುವ ಭರವಸೆಯಿಲ್ಲ.

ಉಳಿದ ತಳಿಗಳ ಒಂದು ಪಾಲನ್ನು 2025ರ ಫೆಬ್ರುವರಿಯಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ಬೀಜಾಗಾರದಲ್ಲಿ ಭದ್ರಪಡಿಸಲಾಯಿತು. ಆದರೆ ಅಲ್ಲಿಡುವುದು ಮಾದರಿಯಷ್ಟೇ. ಅದನ್ನು ರೈತರಿಗೆ ಹಂಚುವಷ್ಟು ಬೆಳೆಸಲು ಹಲವು ಹಂಗಾಮುಗಳೇ ಬೇಕು.